ಹಸಿರು ಗೇಟಿನ ಮುಂದಿನ ಸಾಲು

"ವಿಂಬಲ್ಡನ್‌ಗೆ ಹೋಗೋಕೆ ಕಾಲು ಬೇಕಿಲ್ಲ ಗ್ಲೆನಿಸ್, ತಲೆ ಬೇಕು" ಎಂದು ನಮ್ಮ ಬೀದಿಯ ರಾಡ್ನಿ ಪಿಲ್‌ಬೀಮ್ ಸಾಹೇಬರು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಘೋಷಿಸಿದರು. ಬಸ್ಸುಗಳ ವೇಳಾಪಟ್ಟಿ ಬರೆಯುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು ಅವರು. ಲಂಡನ್ನಿನ ಯಾವ ಮೂಲೆಗೆ ಯಾವ ದಾರಿ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು.

ಅವರ ಹೆಂಡತಿ ಗ್ಲೆನಿಸ್‌ಗೆ ಮಾತ್ರ ಕಾಲೂ ಬೇಕಿತ್ತು. ಎರಡೂ ಮಂಡಿ ಸವೆದು, ಸೆಪ್ಟೆಂಬರಿನಲ್ಲಿ ಆಪರೇಷನ್ ಎಂದು ಆಸ್ಪತ್ರೆಯಿಂದ ಕಾಗದ ಬಂದಿತ್ತು. ವಿಂಬಲ್ಡನ್ ಟೆನಿಸ್ಸಿನ ಸೆಂಟರ್ ಕೋರ್ಟಿನ ಹುಲ್ಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಆಕೆಯ ಹದಿನಾಲ್ಕನೇ ವಯಸ್ಸಿನ ಆಸೆ. ಮದುವೆಯಾದ ಮೇಲೆ ಪ್ರತಿ ಬೇಸಿಗೆಯಲ್ಲೂ ಸಾಹೇಬರು "ಮುಂದಿನ ವರ್ಷ" ಎನ್ನುತ್ತಾ ಬಂದು, ಆ ಮುಂದಿನ ವರ್ಷಕ್ಕೆ ಈಗ ಮೂವತ್ತೆಂಟು ತುಂಬಿತ್ತು. ಈ ಸಲವೂ ತಪ್ಪಿದರೆ ಹೆಂಡತಿ ಏನೂ ಅನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರ ಭಯವೂ ಅದೇ. ಹೋದ ವರ್ಷ ಅವರು ಹಾಕಿದ ಸಮುದ್ರತೀರದ ಪ್ರವಾಸದ ಯೋಜನೆ ಸಮುದ್ರದಿಂದ ನಲವತ್ತು ಮೈಲಿ ದೂರದ ಒಂದು ಊರಿನಲ್ಲಿ ಮುಗಿದಾಗಲೂ ಆಕೆ ಏನೂ ಅಂದಿರಲಿಲ್ಲ. ಆ ಮೌನ ಕ್ರಿಸ್‌ಮಸ್ ತನಕ ನಡೆದಿತ್ತು.

ಆಯಾ ದಿನದ ಟಿಕೆಟ್ ಬೇಕೆಂದರೆ ಬೆಳಕು ಹರಿಯುವುದರೊಳಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸಾಹೇಬರ ವ್ಯೂಹ ಸಿದ್ಧವಾಗಿತ್ತು. "ಕುರಿಗಳೆಲ್ಲ ಸೌತ್‌ಫೀಲ್ಡ್ಸ್‌ನಲ್ಲಿ ಇಳೀತವೆ. ನಾವು ಒಂದು ಸ್ಟೇಷನ್ ಮುಂದೆ ಹೋಗಿ ಹಿಂದ್ಗಡೆಯಿಂದ ಬರ್ತೀವಿ. ಸಾಲಿನ ತಲೇಲೇ ನಾವು!"

ನಮ್ಮ ಬಾರ್ಕಿಂಗ್‌ನಿಂದ ಮೊದಲ ರೈಲು ಹಿಡಿದು, ನಡುವೆ ಒಮ್ಮೆ ರೈಲು ಬದಲಿಸಿ ಹೊರಟರು. ಕೈಯಲ್ಲಿ ಒಂದು ಮಡಚುವ ಸ್ಟೂಲು, ಸೌತೆಕಾಯಿ ಸ್ಯಾಂಡ್‌ವಿಚ್ ತುಂಬಿದ ಒಂದು ಚೀಲ. ಸೌತ್‌ಫೀಲ್ಡ್ಸ್‌ನಲ್ಲಿ ಇಡೀ ಡಬ್ಬಿ ಖಾಲಿಯಾಯಿತು.

"ಎಲ್ಲಾರೂ ಇಳಿದ್ರಲ್ಲ ರಾಡ್ನಿ" ಎಂದಳು ಗ್ಲೆನಿಸ್.

"ಅದಕ್ಕೇ ನಾವು ಇಳಿಯಲ್ಲ."

ಮುಂದಿನ ಸ್ಟೇಷನ್ನಿನಲ್ಲಿ ಇಳಿದವರು ಇವರಿಬ್ಬರೇ. ನಕ್ಷೆ ಹಿಡಿದು ಮೂರು ತಿರುವು ದಾಟುವಷ್ಟರಲ್ಲಿ ಆಳೆತ್ತರದ ಬೇಲಿಗಿಡ, ಅದರ ನಡುವೆ ಹಸಿರು ಬಣ್ಣದ ಒಂದು ಗೇಟು ಕಾಣಿಸಿತು. ಗೇಟಿನ ಪಕ್ಕ ಮಡಚುವ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಕಂಬಳಿ, ಕೈಯಲ್ಲಿ ಫ್ಲಾಸ್ಕು, ಪಕ್ಕದಲ್ಲಿ ಛತ್ರಿ. ಕಂಬಳಿ, ಫ್ಲಾಸ್ಕು, ಛತ್ರಿ ಮೂರೂ ಇದ್ದ ಮೇಲೆ ಅದು ಸಾಲಲ್ಲದೆ ಇನ್ನೇನು? ಸಾಹೇಬರ ಎದೆ ಉಬ್ಬಿತು. ಅವರ ನೋಟ ಕಂಬಳಿಯಿಂದ ಕೆಳಗೆ ಇಳಿಯಲಿಲ್ಲ.

"ನೋಡಿದ್ಯಾ? ಇಡೀ ಲಂಡನ್‌ಗೆ ಗೊತ್ತಿಲ್ಲದ ಗೇಟು. ನಾವು ಎರಡನೇವ್ರು, ಮೂರನೇವ್ರು" ಎಂದು ಪಿಸುಗುಟ್ಟಿ ಅಜ್ಜಿಯ ಹಿಂದೆ ನಿಂತೇಬಿಟ್ಟರು.

"ಒಂದ್ಮಾತು ಕೇಳು ರಾಡ್ನಿ, ಇದು ಅದೇನಾ ಅಂತ."

"ಸಾಲಲ್ಲಿ ನಿಂತವರನ್ನ ಯಾಕೆ ನಿಂತಿದೀರಿ ಅಂತ ಕೇಳೋದಾ? ನಿನ್ನ ಮನೇಲಿ ಹಾಗೆ ಕಲಿಸಿದ್ರಾ? ಮರ್ಯಾದಸ್ಥರು ಕೇಳಲ್ಲ, ನಿಲ್ತಾರೆ."

ಮಾತಾಡದೆ ಇರುವುದೂ ಮರ್ಯಾದೆಯಲ್ಲವಲ್ಲ, ಹಾಗಾಗಿ ಅಜ್ಜಿಯೊಂದಿಗೆ ಸಾಹೇಬರು ಹವಾಮಾನದ ವಿಷಯ ಎತ್ತಿದರು. ಮೋಡ ಇದೆ ಎಂದರು. ಇದೆ ಎಂದು ಅಜ್ಜಿ ಒಪ್ಪಿದರು. ಹೋಗಲೂಬಹುದು ಎಂದರು. ಹೋದರೂ ಹೋಗಬಹುದು ಎಂದು ಅಜ್ಜಿ ಒಪ್ಪಿದರು. ಹೀಗೆ ಮುಕ್ಕಾಲು ಗಂಟೆ ಬಹಳ ಸೊಗಸಾಗಿ ಕಳೆಯಿತು.

ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಒಂದು ಜೋಡಿ ಇವರನ್ನು ನೋಡಿ ನಿಂತಿತು. ಏನೂ ಕೇಳದೆ ಹಿಂದೆ ಸೇರಿಕೊಂಡಿತು. ಆಮೇಲೆ ನಾಲ್ಕು ಜನ ಬಂದರು, ಆಮೇಲೆ ಹತ್ತು. ಹಿಂದಿನಿಂದ ಬರುವ ಉಪಾಯ ಹೊಳೆದ ತಲೆ ಲಂಡನ್ನಿನಲ್ಲಿ ಸಾಹೇಬರದೊಂದೇ ಆಗಿರಲಿಲ್ಲ.

ಗ್ಲೆನಿಸ್ ಆ ಅಜ್ಜಿಯನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು. ಗಂಡನನ್ನೂ ಒಮ್ಮೆ ನೋಡಿದಳು.

"ನಾನು ಟಾಯ್ಲೆಟ್ ಹುಡುಕ್ಕೊಂಡು ಹೋಗ್ಬರ್ತೀನಿ" ಎಂದಳು.

"ಅರ್ಧ ಗಂಟೇಲಿ ಬಾ. ಜಾಗ ನಾನು ಕಾಯ್ತೀನಿ, ನೀನು ಹೆದರ್ಬೇಡ."

"ನಂಗೇನೂ ಹೆದರಿಕೆ ಇಲ್ಲ" ಎಂದು ಆಕೆ ಹೊರಟುಹೋದಳು.

ಒಂಬತ್ತರ ಹೊತ್ತಿಗೆ ಅರವತ್ತಮೂರು ಜನ ಸೇರಿದ್ದರು. ಇಷ್ಟು ಜನರಿಗೆ ಶಿಸ್ತು ಬೇಡವೇ? ಸಾಹೇಬರು ನಕ್ಷೆಯ ಅಂಚು ಹರಿದು ಚೀಟಿ ಮಾಡಿ, ನಂಬರು ಬರೆದು ಹಂಚಿದರು. ಒಂದನೇ ನಂಬರನ್ನು ಅಜ್ಜಿಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ಓದಿ, ಥ್ಯಾಂಕ್ಸ್ ಹೇಳಿ, ಫ್ಲಾಸ್ಕಿನ ಕೆಳಗೆ ಇಟ್ಟುಕೊಂಡರು. ಎಲ್ಲ ಸರಿ, ಗ್ಲೆನಿಸ್ ಮಾತ್ರ ಇನ್ನೂ ಬಂದಿರಲಿಲ್ಲ. ಎಂಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಗೇಟು ತೆಗೆಯುವ ಹೊತ್ತಿಗೆ ಅವಳೇ ಇಲ್ಲದಿದ್ದರೆ?

ಒಂಬತ್ತೂಮುಕ್ಕಾಲಿಗೆ ಒಂದು ವ್ಯಾನು ಬಂದು ನಿಂತಿತು. ಅದರಿಂದ ಇಳಿದ ದಪ್ಪ ಮನುಷ್ಯ ಚೀಲ ಹೆಗಲಿಗೇರಿಸಿ ನೇರವಾಗಿ ಗೇಟಿಗೆ ನಡೆದ. ಸಾಲಿನುದ್ದಕ್ಕೂ ಅಸಮಾಧಾನದ ಕೆಮ್ಮು ಹಬ್ಬಿತು. ಸಾಹೇಬರು ಅಡ್ಡ ನಿಂತರು.

"ಕ್ಷಮಿಸಿ, ಸಾಲಿನ ಕೊನೆ ಆ ಕಡೆ ಇದೆ."

"ನಾನು ಬೀಗ ತೆಗೆಯೋನು ಸ್ವಾಮಿ."

ಈ ಸುದ್ದಿ ಕೈಯಿಂದ ಕೈಗೆ ಪ್ರಸಾದದಂತೆ ಕೊನೆಯ ತನಕ ಹೋಯಿತು. ಜನ ಎದ್ದು ನಿಂತರು. ಚಾಪೆ ಸುತ್ತಿದರು. ಆ ಮನುಷ್ಯ ಗೇಟನ್ನು ಒಂದು ಬೆರಳಲ್ಲಿ ತಳ್ಳಿದ, ಅದು ತೆರೆದುಕೊಂಡಿತು. ಅದಕ್ಕೆ ಬೀಗವೇ ಇರಲಿಲ್ಲ. ಒಳಗೆ ಗುಲಾಬಿ ಗಿಡಗಳ ನಡುವೆ ಸಣ್ಣ ಕಾಲುದಾರಿ, ಅದರ ತುದಿಯಲ್ಲಿ ಒಂದು ಪುಟ್ಟ ಮನೆ, ಕಿಟಕಿಯಲ್ಲಿ ಒಂದು ಬೆಕ್ಕು.

ನಂಬರಿನ ಪ್ರಕಾರ ಎಲ್ಲರೂ ಅಜ್ಜಿಯ ಹಿಂದೆ ಶಿಸ್ತಾಗಿ ಒಳಗೆ ನಡೆದರು. ಬೀಗದವನ ಕೈಯಲ್ಲಿ ಮನೆಯ ಬಾಗಿಲು ತೆರೆಯಿತು. ಅಜ್ಜಿ ಹೊಸ್ತಿಲು ದಾಟಿ ಹಿಂತಿರುಗಿ ನೋಡಿದರು.

"ನಿಮಗೆಲ್ಲ ಏನಾಗ್ಬೇಕಿತ್ತು?"

"ಸೆಂಟರ್ ಕೋರ್ಟ್‌ಗೆ ಎರಡು" ಎಂದರು ಸಾಹೇಬರು. ಧ್ವನಿ ಆಗಲೇ ಅರ್ಧ ಇಳಿದಿತ್ತು.

"ಇದು ನಮ್ಮನೆಯಪ್ಪ. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡೋಕೆ ಬಂದೆ, ಬಾಗಿಲು ಹಾಕ್ಕೊಂಡು ಲಾಕ್ ಆಗ್ಬಿಡ್ತು. ಪಕ್ಕದ ಮನೆಯೋರು ಬೀಗದವನಿಗೆ ಫೋನ್ ಮಾಡಿ, ಕುರ್ಚಿ, ಕಂಬಳಿ, ಛತ್ರಿ, ಟೀ ಕೊಟ್ಟು ಕೆಲಸಕ್ಕೆ ಹೋದ್ರು."

"ಮತ್ತೆ ನಮಗೆ ಹೇಳ್ಬಾರ್ದಿತ್ತಾ?"

"ಇಷ್ಟು ಜನ ನಿಂತಿದೀರಿ, ಏನೋ ಕಾರಣ ಇರುತ್ತೆ. ಕೇಳೋದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹ್ಞೂಂ" ಎಂದರು ಅಷ್ಟೆ, ಎಲ್ಲರೂ ಒಟ್ಟಿಗೆ. ಆಮೇಲೆ ನಾಲ್ಕನೇ ನಂಬರಿನ ಹಿಂದೆ ಐದು, ಐದರ ಹಿಂದೆ ಆರು, ಹೀಗೆ ಸಾಲು ಕೆಡದೆ ನಿಜವಾದ ಸಾಲು ಹುಡುಕಿಕೊಂಡು ಹೊರಟರು. ಇಪ್ಪತ್ತೆರಡನೇ ನಂಬರಿನವನೊಬ್ಬ ಚೀಟಿಯನ್ನು ಸಾಹೇಬರ ಕೈಗೇ ಹಿಂದಿರುಗಿಸಿದ. "ಇಟ್ಕೊಳ್ಳಿ, ನೆನಪಿಗಿರ್ಲಿ" ಎಂದ.

ಸಾಹೇಬರು ಹೋಗುವಂತಿರಲಿಲ್ಲ. ಗ್ಲೆನಿಸ್ ಇಲ್ಲಿಗೇ ಬರಬೇಕಲ್ಲ! ಗೇಟಿನ ಬಳಿ ಒಬ್ಬರೇ ನಿಂತರು. ಹನ್ನೊಂದಾಯಿತು. ಕೊನೆಗೆ ಅಜ್ಜಿಯೇ ಬಂದು, "ನನ್ನ ಹೆಸರು ಎನಿಡ್. ಒಳಗೆ ಬಾ, ಟೀ ಕುಡಿ. ಇಲ್ಲಾಂದ್ರೆ ಇನ್ನೊಂದು ಸಾಲು ಶುರುವಾಗುತ್ತೆ" ಎಂದರು.

ಅಡುಗೆಮನೆಯ ಕುರ್ಚಿಯಲ್ಲಿ ಕುಸಿದಾಗ ಸಾಹೇಬರಿಗೆ ಸ್ಟೂಲಿನ ನೆನಪಾಯಿತು. ಸ್ಟೂಲು ಇರಲಿಲ್ಲ. ಸ್ಯಾಂಡ್‌ವಿಚ್ ಚೀಲವೂ ಇರಲಿಲ್ಲ. ಟಾಯ್ಲೆಟ್ಟಿಗೆ ಹೋಗುವವರು ಸ್ಟೂಲು, ಸ್ಯಾಂಡ್‌ವಿಚ್ ಯಾಕೆ ತೆಗೆದುಕೊಂಡು ಹೋಗುತ್ತಾರೆ? ಬೇಸತ್ತು ಮನೆಗೇ ಹೋಗಿಬಿಟ್ಟಳೇ? ಮೂವತ್ತೆಂಟು ವರ್ಷ ಮುಂದೂಡಿದ ಆಸೆಯನ್ನು ಒಂದು ಬೇಲಿಯ ಬುಡದಲ್ಲಿ ಹೂತುಬಿಟ್ಟೆನಲ್ಲ ಎಂದು ಅವರು ಎನಿಡ್ ಅಜ್ಜಿಯ ಮುಂದೆ ಕಣ್ಣೊರೆಸಿಕೊಂಡರು. ಅಜ್ಜಿ ಇನ್ನೊಂದು ಬಿಸ್ಕತ್ತು ಇಟ್ಟರು.

ನಾಲ್ಕು ಗಂಟೆಗೆ ಫೋನು ಬಡಿದುಕೊಂಡಿತು.

"ಎಲ್ಲಿದೀಯ ರಾಡ್ನಿ?" ಗ್ಲೆನಿಸ್ ಧ್ವನಿ.

"ಸಾಲಲ್ಲಿ" ಎಂದರು ಸಾಹೇಬರು, ಬಿಸ್ಕತ್ತು ನುಂಗಿ.

"ಆ ಅಜ್ಜಿಗೆ ಬಾಗಿಲು ತೆಗೆದ್ರಾ, ಪಾಪ?"

"ನಿನಗೆ... ನಿನಗೆ ಹೇಗೆ ಗೊತ್ತು?"

"ಕಾಲಲ್ಲಿ ಮನೆಯೊಳಗೆ ಹಾಕೋ ಉಣ್ಣೆ ಚಪ್ಪಲಿ ಇತ್ತು. ಅದ್ಯಾರು ಅದನ್ನ ಹಾಕ್ಕೊಂಡು ಟೆನಿಸ್‌ಗೆ ಬರ್ತಾರೆ?"

"ನಂಗೆ ಹೇಳ್ಬಾರ್ದಿತ್ತಾ?"

"ಕೇಳೋದು ಮರ್ಯಾದೆ ಅಲ್ಲ ಅಂತ ನೀನೇ ಅಂದೆ. ಹೇಳೋದೂ ಅಲ್ವೇನೋ ಅಂದ್ಕೊಂಡೆ. ಒಬ್ಬ ಪೊಲೀಸಿನವನನ್ನ ಕೇಳ್ದೆ, ನಿಜವಾದ ಸಾಲು ತೋರಿಸ್ದ. ಹೊರಗಿನ ಕೋರ್ಟುಗಳ ಟಿಕೆಟ್ ಕೊಟ್ಟು ಒಳಗೆ ಬಿಟ್ರು. ಈಗ ಯಾರೋ ಅರ್ಧಕ್ಕೆ ಎದ್ದು ಹೋದ್ರಂತೆ, ಅಂಥ ಟಿಕೆಟ್ ಇಲ್ಲಿ ಮತ್ತೆ ಮಾರ್ತಾರೆ, ನಂಗೆ ಸಿಕ್ತು. ಸೆಂಟರ್ ಕೋರ್ಟ್‌ಗೆ ರಾಡ್ನಿ. ಇಲ್ಲೇ ಕೂತಿದೀನಿ. ಟಿವಿಯಲ್ಲಿ ಕಂಡಷ್ಟು ಹಸಿರಿಲ್ಲ, ಗೆರೆ ಹತ್ರ ಎಲ್ಲ ಸವೆದುಹೋಗಿದೆ, ನನ್ನ ಮಂಡಿ ಹಾಗೇ. ತುಂಬಾ ಚೆನ್ನಾಗಿದೆ ಕಣೋ. ಎಂಟು ಗಂಟೆಗೆ ಸೌತ್‌ಫೀಲ್ಡ್ಸ್ ಸ್ಟೇಷನ್ ಹತ್ರ ಬಾ. ದಾರಿ ಯಾರನ್ನಾದ್ರೂ ಕೇಳು."

ಫೋನಿನಲ್ಲಿ ಒಂದು ಚಪ್ಪಾಳೆಯ ಅಲೆ ಎದ್ದಿತು. ಅದೇ ಅಲೆ ಎನಿಡ್ ಅಜ್ಜಿಯ ಕಿಟಕಿಯಿಂದಲೂ ಕೇಳಿಸಿತು. ಬೇಲಿಯಾಚೆ ಅಷ್ಟು ಹತ್ತಿರದಲ್ಲಿ ಹೆಂಡತಿ ಕೂತಿದ್ದಳು, ಸುಖವಾಗಿದ್ದಳು. ಸಾಹೇಬರ ಎದೆಯ ಮೇಲಿನ ಬಂಡೆ ಇಳಿಯಿತು. ಆ ಖುಷಿಯಲ್ಲಿ ಅವರು ಅಜ್ಜಿಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟರು.

ಸಂಜೆ ದಾರಿಯಲ್ಲಿ ಸಿಕ್ಕ ಏಳು ಜನರನ್ನು ಕೇಳಿಕೊಂಡು ಸಾಹೇಬರು ಸೌತ್‌ಫೀಲ್ಡ್ಸ್ ತಲುಪಿದರು. ಸ್ಟೇಷನ್ನಿನ ಗೋಡೆಗುಂಟ ಹತ್ತು ಹನ್ನೆರಡು ಜನರ ಒಂದು ಸಾಲಿತ್ತು. ಪಾಠ ಕಲಿತ ಮನುಷ್ಯ ಅವರು. ಕೊನೆಯಲ್ಲಿದ್ದವನ ಭುಜ ತಟ್ಟಿ, "ತಪ್ಪು ತಿಳ್ಕೋಬೇಡಿ, ಇದು ಯಾತರ ಸಾಲು?" ಎಂದು ಕೇಳಿಯೇಬಿಟ್ಟರು.

"ಗೊತ್ತಿಲ್ಲ ಸಾರ್. ನಿಂತಿದ್ರು, ನಿಂತೆ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಯಾವ ಪೆದ್ದ ಶುರು ಮಾಡಿದನೋ ನೋಡೋಣವೆಂದು ಸಾಲಿನ ತಲೆಯ ತನಕ ನಡೆದರು. ಅಲ್ಲಿ ಮಡಚುವ ಸ್ಟೂಲಿನ ಮೇಲೆ ಮಂಡಿ ಚಾಚಿಕೊಂಡು, ಸ್ಟ್ರಾಬೆರಿ ತಿನ್ನುತ್ತಾ, ಗಂಡನಿಗಾಗಿ ಕಾಯುತ್ತಾ ಗ್ಲೆನಿಸ್ ಕೂತಿದ್ದಳು.

"ಬಂದ್ಯಾ?" ಎಂದಳು. "ಹಿಂದೆ ಹೋಗಿ ನಿಂತ್ಕೋ."