ಬೆಟ್ಟದಲ್ಲಿ ಬ್ರಿಟನ್, ಬದನಗುಪ್ಪೆಯಲ್ಲಿ ಅಮೆರಿಕ

ಕಣ್ಣಿಗೆ ಔಷಧಿ ಬಿಡುವ ಮೊದಲು, ಬಾಟಲಿಯ ಮುಚ್ಚಳ ತೆಗೆಯದೆ, ಮೂರು ಸಲ ಬಿಟ್ಟಂತೆ ಮಾಡಬೇಕು. ಮೂರು ಸಲವೂ ನಮ್ಮ ಸೋದರತ್ತೆ "ಅಯ್ಯೋ ಶಿವನೇ!" ಎಂದು ಬೆಚ್ಚುತ್ತಾರೆ. ನಾಲ್ಕನೆಯ ಸಲ ನಿಜವಾದ ಹನಿ ಬಿದ್ದಾಗ ಮಾತ್ರ, "ಇಷ್ಟೇಯಾ?" ಎನ್ನುತ್ತಾರೆ.

ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇವರಷ್ಟು ಪುಕ್ಕಲು ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಎರಡನೆಯ ಸ್ಥಾನ ನನ್ನದು. ವ್ಯತ್ಯಾಸ ಇಷ್ಟೇ: ಭಯವಾದರೆ ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ, ಅತ್ತೆ ಪ್ರಾಕ್ಟೀಸು ಶುರು ಮಾಡುತ್ತಾರೆ!

ಕಣ್ಣಿನ ಆಪರೇಷನ್ನಿಗೆ ಒಂದು ವಾರ ಮೊದಲು ಅವರು ಜಗಲಿಯ ಮೇಲೆ ಬಿಳಿ ಪಂಚೆ ಹೊದ್ದು ಅಂಗಾತ ಮಲಗಿದ್ದರು. ಅರ್ಧ ಗಂಟೆ ಅಲ್ಲಾಡದಿರುವ ಅಭ್ಯಾಸ. ಹಾಲಿನವನು ಬಂದವನೇ ಕ್ಯಾನು ಕೆಳಗಿಟ್ಟು, "ಅಯ್ಯಯ್ಯೋ, ಯಾವಾಗ ಓದ್ರು?" ಎಂದು ಕೂಗಿಕೊಂಡ. ಪಂಚೆಯೊಳಗಿಂದ ಉತ್ತರ ಬಂತು. "ಇನ್ನೂ ಓಗಿಲ್ಲ ಕಣ್ಲಾ. ಅರ್ಧ ಲೀಟ್ರು ಇಟ್ಟೋಗು."

ಇಂಥವರ ಮನೆಯಲ್ಲಿ ನಾನು ಮೂರು ವರ್ಷದಿಂದ ಇದ್ದೇನೆ. ಅಪ್ಪ ಅಮ್ಮ ಚಾಮರಾಜನಗರದಲ್ಲಿದ್ದಾರೆ. ನಾನು ಇಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆಪರೇಷನ್ ಆದರೂ ಅತ್ತೆಯ ಕಣ್ಣಿನ ಒತ್ತಡಕ್ಕೆ ಜೀವನಪೂರ್ತಿ ದಿನಕ್ಕೆರಡು ಬಾರಿ ಹನಿ ಬಿಡಬೇಕು, ಆ ಕೆಲಸವೂ ನನ್ನದೇ. ಮಾವನ ಕೈ ನಡುಗುತ್ತದೆ. ಅವರು ಬಿಟ್ಟ ಹನಿ ಕಣ್ಣು ಬಿಟ್ಟು ಮುಖದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು.

ಹೀಗಿರುವಾಗ ನನಗೆ ಒಂದೇ ವಾರದಲ್ಲಿ ವಿದೇಶದ ಎರಡು ವಿಶ್ವವಿದ್ಯಾಲಯಗಳಿಂದ ಪ್ರವೇಶ ಪತ್ರಗಳು ಬಂದವು. ಒಂದು ಬ್ರಿಟನ್ನಿನದು: ಒಂದು ವರ್ಷ, ಬಹುಪಾಲು ಪಾಠ. ಇನ್ನೊಂದು ಅಮೆರಿಕದ್ದು: ಎರಡು ವರ್ಷ, ಜೊತೆಗೆ ಸ್ವಂತ ಸಂಶೋಧನೆ. ಎರಡೂ ಕಡೆ ವಿದ್ಯಾರ್ಥಿವೇತನವಿತ್ತು. ನಮ್ಮ ಕಡೆಯ ಹೊಲಗಳಲ್ಲಿ ಅರಿಶಿನದ ಗೆಡ್ಡೆ ಏಕೆ ಕೊಳೆಯುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಅದನ್ನು ಓದಲು ಅಮೆರಿಕವೇ ಸರಿ. ಆದರೆ ಎರಡು ವರ್ಷ! ಅಲ್ಲಿ ನನಗೆ ಯಾರು ಗೊತ್ತು? ಜ್ವರ ಬಂದರೆ? ಮಾತಾಡಲು ಬಾಯಿ ಬರದಿದ್ದರೆ? ಸೋಮವಾರದೊಳಗೆ ಉತ್ತರಿಸಬೇಕಿತ್ತು. ಅಪ್ಪನಿಗೆ ಫೋನ್ ಮಾಡಿದೆ. "ನಿಂಗೆ ಯಾವ್ದು ಸರಿ ಅನ್ಸುತ್ತೋ ಅದು ಮಾಡಮ್ಮ" ಎಂದರು. ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿದೆಯೇ?

ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಶನಿವಾರ ಬೆಳಿಗ್ಗೆ ಅತ್ತೆ ಬಾಗಿಲು ಬಡಿದರು. ಅವರ ತಲೆಗೆ ಮಂಕಿ ಕ್ಯಾಪು, ಮೈಮೇಲೆ ಎರಡು ಸ್ವೆಟರು.

"ಏಳಮ್ಮಿ, ಇವತ್ತು ಬ್ರಿಟನ್ನು."

ಹಂಗಳ ದಾಟಿ, ಬೆಟ್ಟದ ಬುಡದಲ್ಲಿ ಬಸ್ಸು ಬದಲಿಸಿ, ಗೋಪಾಲಸ್ವಾಮಿ ಬೆಟ್ಟ ಹತ್ತಿದೆವು. ದಾರಿಯಲ್ಲಿ ನಾನು ಬರೀ ಇಂಗ್ಲಿಷಿನಲ್ಲಿ ಮಾತಾಡಬೇಕೆಂದು ಅಪ್ಪಣೆಯಾಗಿತ್ತು. ಟಿಕೆಟ್ ಕೇಳಿದ ರೀತಿಗೆ ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕಕ್ಕಾ, ನಮ್ಮೂರ್ ಉಡ್ಗೀನೇ ಅಲ್ವಾ?" ಎಂದ.

"ಸುಮ್ಕಿರಪ್ಪ, ಅವ್ಳು ಇವತ್ತು ಲಂಡನ್ನಲ್ಲವ್ಳೆ."

ಮೇಲೆ ಮಂಜು, ಗಾಳಿ, ಪಕ್ಕದವರ ಮುಖ ಕಾಣದು. ಹತ್ತು ನಿಮಿಷಕ್ಕೆ ಅತ್ತೆಯ ಹಲ್ಲು ಕಟಕಟ ಎನ್ನತೊಡಗಿತು. "ವರ್ಷವೆಲ್ಲ ಇಂಗೇ ಇರ್ತದಾ? ಬುಡು, ಸ್ವಾಮಿ ನೋಡ್ಕಂಡು ಇಂಡಿಯಾಕ್ಕೆ ಓಗನ."

ಭಾನುವಾರ ಅಮೆರಿಕ. ಅದು ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿದೆ! ಅಗಲವಾದ ನೇರ ರಸ್ತೆ, ದೂರ ದೂರಕ್ಕೆ ಗೇಟು, ನಡೆದಾಡುವ ನರಪಿಳ್ಳೆಯಿಲ್ಲ. ಅತ್ತೆ ಬೇವಿನ ಮರದಡಿ ಕೂತು, "ಒಂದ್ಗಂಟೆ ಒಬ್ಳೇ ನಡ್ದು ಬಾ. ನಂಗೆ ಫೋನ್ ಮಾಡ್ಬ್ಯಾಡ. ಅಮೆರಿಕದಲ್ಲಿದ್ದಾಗ ನಿಂಗೆ ರಾತ್ರಿ, ನಂಗೆ ಅಗಲು" ಎಂದರು.

ನಡೆದೆ. ತಮಾಷೆಯೆಂದು ಗೊತ್ತಿದ್ದರೂ ಎರಡು ಸಲ ಹಿಂದಿರುಗಿ ನೋಡಿದೆ. ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಂಟನೆಯ ನಿಮಿಷಕ್ಕೆ ಫೋನ್ ಬಂತು.

"ಅತ್ತೆ, ನಂಗೀಗ ರಾತ್ರಿ ಅಲ್ವಾ?"

"ಊಂ. ನಿದ್ದೆ ಬಂತಾ ಅಂತ ಕೇಳಕ್ಕೆ ಮಾಡ್ದೆ."

ಸಂಜೆ ಮನೆಗೆ ಬಂದವಳು ಬ್ರಿಟನ್ ಎಂದು ತೀರ್ಮಾನ ಹೇಳಿದೆ.

"ಚಳಿ ಅಷ್ಟು ಇಡಿಸ್ತಾ?"

"ಒಂದೇ ವರ್ಷ ಅತ್ತೆ. ಬೇಗ ಮುಗಿಯುತ್ತೆ."

"ಬೇಗ ಮುಗೀಲಿ ಅಂತ ಯಾರಾದ್ರೂ ಅಷ್ಟ್ ದೂರ ಓಯ್ತಾರಾ?"

"ನಿಮ್ಮ ಕಣ್ಣಿಗೆ ಔಷಧಿ ಬಿಡೋರು ಯಾರು, ಎರಡು ವರ್ಷ?" ಎಂದೆ. ಉತ್ತಮ ಕಾರಣ. ನನ್ನ ಭಯವನ್ನು ಅದರ ಹಿಂದೆ ನೀಟಾಗಿ ನಿಲ್ಲಿಸಬಹುದಿತ್ತು. ಅತ್ತೆ ಎದ್ದುಹೋದರು.

ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ತರಲು ಹಿತ್ತಲಿಗೆ ಹೋದೆ. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕೂತಿದ್ದರು. ಕೈಯಲ್ಲಿ ಖಾಲಿಯಾದ ಹಳೆಯ ಔಷಧಿ ಬಾಟಲಿ. ಅದರಲ್ಲಿ ಕಾಯಿಸಿ ಆರಿಸಿದ ನೀರು. ಹಣೆ, ಕೆನ್ನೆ, ಕಿವಿ, ರವಿಕೆಯ ತೋಳು, ಎಲ್ಲವೂ ಒದ್ದೆ. ಕಣ್ಣು ಮಾತ್ರ ಒಣಗಿತ್ತು. ಮುಚ್ಚಳ ತೆಗೆದೇ ಇತ್ತು.

"ಯಾವತ್ತಿಂದ ಇದು?"

"ಕಾಗ್ದ ಬಂದ ದಿನದಿಂದ ಕಣಮ್ಮಿ. ಒಂದೂ ಒಳಕ್ಕೆ ಬೀಳಕ್ಕಿಲ್ಲ ಅಂತದೆ." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೈಯೆತ್ತಿದರು. "ನೀ ಒಂದ್ವರ್ಷಕ್ಕಾರ ಓಗು, ಎರಡ್ವರ್ಷಕ್ಕಾರ ಓಗು. ನಾ ಕಲೀಬೇಕಾದ್ದು ಒಂದೇ ಅನಿ."

ನನಗೆ ಬಟ್ಟೆ ತೆಗೆಯುವುದು ಮರೆತುಹೋಯಿತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಲ್ಯಾಪ್‌ಟಾಪು ತೆರೆದು, ಅಮೆರಿಕದ ಪತ್ರದ ಕೆಳಗೆ ಒಪ್ಪಿಗೆಯ ಗುಂಡಿಯ ಮೇಲೆ, ಒತ್ತದೆ, ಮೂರು ಸಲ ಬೆರಳು ಆಡಿಸಿದೆ. ಮೂರು ಸಲವೂ ಎದೆ ಹೊಡೆದುಕೊಂಡಿತು. ನಾಲ್ಕನೆಯ ಸಲ ಒತ್ತಿದೆ. ಆಮೇಲೆ ಹಿತ್ತಲಿಗೆ ಹೋಗಿ, ನಿಜವಾದ ಔಷಧಿಯ ಮುಚ್ಚಳ ತೆಗೆದು ಬಾಟಲಿಯನ್ನು ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದ ಅತ್ತೆಯ ಕೈಗೆ ಕೊಟ್ಟು, ಅವರ ಮುಖದ ಮೇಲೆ ಕನ್ನಡಿ ಹಿಡಿದು ನಿಂತೆ.