ಮರಿತಾಯಮ್ಮನ ಸನ್ಮಾನದ ಫ್ಲೆಕ್ಸು

ಬೇಗೂರು ದಾಟಿದ ಮೇಲೆ ಭಾನು ದಾರಿ ತಪ್ಪಿದ್ದು ಸಂಪೂರ್ಣ ನಿಯಮಬದ್ಧವಾಗಿಯೇ. ತ್ಯಾಜ್ಯ ಮರುಬಳಕೆ ಅಭಿಯಾನದ ಉದ್ಘಾಟನೆಗೆ ಬರುವವರು ಕವಲುದಾರಿಯ ಫ್ಲೆಕ್ಸಿನ ಬಾಣ ನೋಡಿಕೊಂಡು ಬರತಕ್ಕದ್ದು ಎಂಬ ಸೂಚನೆ ಬರೆದವಳು ಸಂಚಾಲಕಿಯಾದ ಅವಳೇ. ಕವಲಿನಲ್ಲಿ ಈಗ ಫ್ಲೆಕ್ಸಿಲ್ಲದ ಎರಡು ಬಿದಿರುಗಳ ಮಾತ್ರ ನಿಂತಿದ್ದವು.

ಸ್ಕೂಟರ್ ನಿಲ್ಲಿಸಿ, ಅಂಗಳದಲ್ಲಿ ಬೇಯಿಸಿದ ಅರಿಸಿನ ಹರವುತ್ತಿದ್ದ ಮರಿತಾಯಮ್ಮನನ್ನು ಕೇಳಿದಳು. "ಅಮ್ಮಾ, ಮರುಬಳಕೆ ಕಾರ್ಯಕ್ರಮಕ್ಕೆ ಯಾವ ಕಡೆ?"

"ನೀನೂ ಅದ್ಕೇ ಬಂದ್ಯಾ? ಆಗ್ಲೇ ಮೂರು ಕಾರ್ನೋರು ದಾರಿ ಕೇಳಿ, ಮಜ್ಗೆ ಕುಡ್ದು ಹೋದ್ರು."

ಭಾನು ನೆಲ ನೋಡಿದಳು. ಅರಿಸಿನದ ಕೊಂಬುಗಳ ನಡುವೆ ಬಾಣವೊಂದು ಮರಿತಾಯಮ್ಮನ ಅಡುಗೆಮನೆಯತ್ತ ತೋರಿಸುತ್ತಿತ್ತು. 'ಬಿಸಾಡುವುದು ಬೇಡ, ಬಳಸೋಣ' ಎಂಬ ಘೋಷಣೆಯ ಮೇಲೆ ಕೋಳಿ ನಿಂತಿತ್ತು. ಸಾಕ್ಷಿಗಿರಲೆಂದು ಭಾನು ಮೂವರ ಫೋಟೋ ತೆಗೆದಳು: ಮರಿತಾಯಮ್ಮ, ಕೋಳಿ, ಫ್ಲೆಕ್ಸು.

"ಇದು ನಮ್ದಮ್ಮ."

"ಗಾಳಿಗೆ ಕಿತ್ಕಂಡು ಬೇಲಿಗೆ ಬಿದ್ದಿತ್ತು. ಬಿಸಾಕ್ಬ್ಯಾಡಿ ಅಂತ ನೀವೇ ಬರ್ದಿದ್ದೀರಿ."

ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ನೀಲಕಂಠಸ್ವಾಮಿಯವರ ಫೋನು ಬಂತು. ವೇದಿಕೆಯ ಫ್ಲೆಕ್ಸಿನಲ್ಲಿ ಅತಿಥಿಗಳ ಫೋಟೋ ಬಿಟ್ಟುಹೋಗಿದೆ, ಅವರು ಕಾರಿನಿಂದ ಇಳಿಯುತ್ತಿಲ್ಲ, ಅವರ ಫೋಟೋ ಇರುವ ದಾರಿಯ ಫ್ಲೆಕ್ಸನ್ನೇ ಬಿಚ್ಚಿ ತರತಕ್ಕದ್ದು.

ಮರಿತಾಯಮ್ಮ ಆಕಾಶ ನೋಡಿದಳು. "ಮ್ವಾಡ ಕಟ್ತಾ ಅದೆ. ಶನಿವಾರ ಯಾಪಾರಿ ಬತ್ತಾನೆ. ಅರಿಸಿನ ನೆಂದು ಬೂಷ್ಟು ಇಡುದ್ರೆ ಅವ್ನು ಮೂಸಿನೂ ನೋಡಾಕಿಲ್ಲ. ಬೈಗೊತ್ಗೆ ವಾಪಸ್ ತತ್ತೀಯೇನವ್ವ?"

"ತರ್ತೀನಿ," ಎಂದು ಭಾನು ಮಾತು ಕೊಟ್ಟಳು.

ಉದ್ಘಾಟನೆ ಸಾಂಗವಾಗಿ ನೆರವೇರಿತು. ಬಳಸಿದ ಫ್ಲೆಕ್ಸನ್ನು ಸ್ಥಳದಲ್ಲೇ ಸೃಜನಶೀಲವಾಗಿ ಮರುಬಳಸತಕ್ಕದ್ದು ಎಂಬ ನಿಯಮದಂತೆ ಅದನ್ನು ಕತ್ತರಿಸಿ, ಗಣ್ಯರಿಗೆ ಕೊಟ್ಟ ಹೊಸ ಶಾಲುಗಳನ್ನು ಹಾಕಿಕೊಳ್ಳಲು ಚೀಲ ಹೊಲಿಸಲಾಯಿತು. ಅತಿಥಿಗಳ ಮೂಗು ಒಂದು ಚೀಲಕ್ಕೆ ಹೋಯಿತು, ಮೀಸೆ ಇನ್ನೊಂದಕ್ಕೆ.

"ಸರ್, ಅದನ್ನ ವಾಪಸ್ ಕೊಡಬೇಕಿತ್ತು. ಅರಿಸಿನ ಒಣಗಿಸ್ತಿದ್ರು," ಎಂದಳು ಭಾನು.

"ಅದು ಬರೀ ಬಳಕೆ ಮೇಡಂ. ಸೃಜನಶೀಲತೆ ಎಲ್ಲಿದೆ?" ಎಂದರು ನೀಲಕಂಠಸ್ವಾಮಿ.

"ಬೇರೆ ಹಳೇದು ಇದ್ರೆ ಕೊಡಿ."

"ಹಳೇದು ಕೊಡೋಕೆ ಅವಕಾಶ ಇಲ್ಲ. ಹೊಸದು ಹೊಡಿಸೋಕೆ ಅನುದಾನ ಇದೆ. ಅದಕ್ಕೊಂದು ಕಾರ್ಯಕ್ರಮ ಇರಬೇಕು, ಅಷ್ಟೆ."

ಭಾನು ನೇರವಾಗಿ ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಗೆ ಹೋದಳು.

ಹೊತ್ತು ಇಳಿಯುವಾಗ ಮರಿತಾಯಮ್ಮನ ಅಂಗಳದಲ್ಲಿ 'ಆದರ್ಶ ಮರುಬಳಕೆದಾರರಿಗೆ ಹೃತ್ಪೂರ್ವಕ ಸನ್ಮಾನ' ಎಂಬ ಫ್ಲೆಕ್ಸು ಎದ್ದಿತ್ತು. ಬೆಳಗಿನ ಫೋಟೋದಿಂದ ತೆಗೆದ ಅವಳ ಮುಖ, ಪಕ್ಕದಲ್ಲಿ ಅರ್ಧ ಕೋಳಿ. ನೀಲಕಂಠಸ್ವಾಮಿ ಶಾಲು ಹೊದಿಸಿ ಭಾಷಣ ಶುರು ಮಾಡಿದರು. ಮೂಡಲಲ್ಲಿ ಗುಡುಗಿತು.

"ಮುಗೀತಾ ಸ್ವಾಮಿ?" ಎಂದ ಮರಿತಾಯಮ್ಮ ಉತ್ತರಕ್ಕೆ ಕಾಯದೆ ಫ್ಲೆಕ್ಸಿನ ಹಗ್ಗ ಬಿಚ್ಚಿದಳು. ಅರ್ಧ ಹಾಸಿ, ಅರಿಸಿನವನ್ನು ತನ್ನ ಮುಖದ ಮೇಲೆಯೇ ಗುಡ್ಡೆ ಹಾಕಿ, ಉಳಿದರ್ಧ ಹೊದಿಸಿದಳು. ಭಾಷಣ ಮುಂದುವರಿಯಿತು.

ಪಕ್ಕದ ಮನೆಯ ಮೂಗಯ್ಯ ಬೇಲಿ ಪಕ್ಕ ಕೈಕಟ್ಟಿ ನಿಂತಿದ್ದ. "ಬುದ್ಧೀ, ನಮ್ ಕೊಟ್ಟಿಗೆ ಸೋರ್ತದೆ. ಮಳೆ ಇಡ್ಕಳೋ ಮುಂಚೆ ನಂಗೂ ಒಂದ್ ಸನ್ಮಾನ ಮಾಡ್ಬುಡಿ."

"ಕೊಟ್ಟಿಗೆ ಎಷ್ಟುದ್ದ?"

"ಅದ್ನೆಂಟಡಿ."

ಕಾರ್ಯದರ್ಶಿಗಳು ಗಂಭೀರರಾದರು. "ಅಷ್ಟು ದೊಡ್ಡ ಸಾಧನೆ ಏನು ಮಾಡಿದ್ದೀರಿ?"

"ನೀವೇ ಒಂದ್ ಬರ್ಕಳಿ, ನಾನೇನ್ ಬ್ಯಾಡ ಅನ್ನಾಕಿಲ್ಲ."

ಇದು ಎಲ್ಲರಿಗೂ ಸರಿಯೆನಿಸಿತು. ಮೊದಲ ಹನಿ ಬೀಳುವಾಗ ಭಾನು ಫ್ಲೆಕ್ಸಿನ ಕೊನೆಯ ಮೂಲೆಗೆ ಕಲ್ಲು ಹೇರಿದಳು.

"ಸರಿ ಕಣವ್ವ, ನಿನ್ ಮಾತು ಸಂದಾಯ ಆಯ್ತು," ಎಂದು ಮರಿತಾಯಮ್ಮ ಹೊಸ ಶಾಲನ್ನು ಕೋಳಿಪಂಜರದ ಮೇಲೆ ಹೊದಿಸಿ, ಮಜ್ಜಿಗೆ ತರಲು ಒಳಗೆ ಹೋದಳು.