ಮೇ ತಿಂಗಳಲ್ಲಿ ಸಂತ್ರಾಗೆ ಜ್ವರ

ನಾಗಪುರದ ಮೇ ತಿಂಗಳಲ್ಲಿ ಬೆಕ್ಕೊಂದು ಮಂಕಾಗಿ ಬಿದ್ದುಕೊಂಡಿದ್ದರೆ ಅದು ರೋಗವೋ ವಿವೇಕವೋ ಎಂದು ಹೇಳುವುದು ಬಹಳ ಕಷ್ಟ. ಹೊರಗೆ ನಲವತ್ತಾರು ಡಿಗ್ರಿ. ಹಜಾರಿ ಪಹಾಡದ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಬೆಳಗಿನ ಹನ್ನೊಂದರ ಮೇಲೆ ಮನುಷ್ಯರೇ ಕೂಲರಿನ ಮುಂದೆ ಹಿಂಡದ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದರು. ಹೀಗಾಗಿ ಸಂತ್ರಾ ಎಂಬ ಕಿತ್ತಳೆ ಬಣ್ಣದ ಬೆಕ್ಕು ಭಾನುವಾರ ಇಡೀ ದಿನ ಸೋಫಾದ ಕೆಳಗಿಂದ ಹೊರಗೆ ಬರದಿದ್ದಾಗ ನಿವೃತ್ತ ವಾರಂಟ್ ಆಫೀಸರ್ ಹಯವದನ ಕುಲಕರ್ಣಿಯವರು ಅದನ್ನು ಮೆಚ್ಚಿಕೊಂಡೇ ಮಾತಾಡಿದರು.

"ಈ ಮನ್ಯಾಗ ಬುದ್ಧಿ ಇರೋದು ಇದಕ್ಕೊಂದಕ್ಕ ನೋಡು."

ಮೆಚ್ಚಿಗೆ ಎಂದ ಮಾತ್ರಕ್ಕೆ ಪ್ರೀತಿ ಎಂದು ತಿಳಿಯಬಾರದು. ಅಧಿಕೃತವಾಗಿ ಹಯವದನರಿಗೆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಗಳು ಸಿಂಚನಾ ಕಾಲೇಜಿನ ಗೇಟಿನ ಬಳಿಯಿಂದ ಅಂಗೈಯಷ್ಟಿದ್ದ ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಾಗ, "ಈ ಮನ್ಯಾಗ ಅದರ ಇರಬೇಕು, ನಾನರ ಇರಬೇಕು" ಎಂದು ಅವರು ಘೋಷಿಸಿದ್ದರು. ಹೆಂಡತಿ ಸುಲೋಚನಾಬಾಯಿ ಉತ್ತರ ಕೊಡಲು ಎರಡು ನಿಮಿಷ ಯೋಚಿಸುವುದನ್ನು ಕಂಡು ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಆಮೇಲೆ ಕಿಟಕಿ, ಬಾಲ್ಕನಿಗಳಿಗೆಲ್ಲ ತಾವೇ ಕೂತು ಜಾಳಿಗೆ ಬಡಿದರು. ಸೊಳ್ಳೆ ಒಳಗೆ ಬರಬಾರದು, ಬೆಕ್ಕು ಹೊರಗೆ ಹೋಗಬಾರದು. ಇದು ಮನೆಯ ಸಂವಿಧಾನ.

ಸೋಮವಾರ ಬೆಳಿಗ್ಗೆ ಸುಲೋಚನಾಬಾಯಿ ಅಡುಗೆಮನೆಯಿಂದ ಕೂಗಿದರು. "ರೀ, ಸಂತ್ರಾ ಹಾಲಿಗೂ ಬರವಲ್ದು! ಮುಟ್ಟಿ ನೋಡ್ರಿ, ಮೈ ಸುಡ್ಲಿಕ್ಕತ್ತದ."

ಹಯವದನರು ಮೂವತ್ತೆರಡು ವರ್ಷ ವಾಯುಪಡೆಯಲ್ಲಿ ವಿಮಾನಗಳ ಮೀಟರು, ಮಾಪಕಗಳನ್ನು ದುರಸ್ತಿ ಮಾಡಿದವರು. ಜಗತ್ತಿನ ಯಾವ ದೋಷವೂ ಕ್ರಮಬದ್ಧವಾಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. (ಅವರ ಕನ್ನಡಕ ಮಾತ್ರ ಈ ಸಿದ್ಧಾಂತಕ್ಕೆ ದಿನಾ ಅಪವಾದವಾಗುತ್ತಿತ್ತು.)

"ಮೈ ಸುಡೋದಕ್ಕೂ ಜ್ವರಕ್ಕೂ ಫರಕ್ ಅದ, ಸುಲೂ. ಮೇ ತಿಂಗಳದಾಗ ಎಲ್ಲಾನೂ ಸುಡ್ತದ. ಹೋಲಿಸಿ ನೋಡಬೇಕು."

ಹೋಲಿಸಿದರು. ಎಡಗೈ ಬೆಕ್ಕಿನ ಬೆನ್ನ ಮೇಲಿಟ್ಟು, ಬಲಗೈಯನ್ನು ಸರದಿಯಂತೆ ಸ್ಟೀಲ್ ತಂಬಿಗೆ, ಗೋಡೆ, ಟೀವಿಯ ಬೆನ್ನು, ಕೊನೆಗೆ ತಮ್ಮದೇ ಬೋಳುತಲೆಯ ಮೇಲೆ ಇಟ್ಟರು. ಬೆಕ್ಕು ಮತ್ತು ತಲೆ ಸಮಸಮ ಬಂದವು.

"ನಾರ್ಮಲ್," ಎಂದರು.

"ಇಲ್ಲಾ ಇಬ್ಬರಿಗೂ ಜ್ವರ," ಎಂದರು ಸುಲೋಚನಾಬಾಯಿ.

ಗದ್ದಲ ಕೇಳಿ ಎದುರು ಮನೆಯ ಚಾರುಲತಾ ತಾಈ ಬಂದರು. (ಮರಾಠಿಯ ತಾಈ ಎಂದರೆ ಅಕ್ಕ. ತನಗಿಂತ ಹತ್ತು ವರ್ಷ ಚಿಕ್ಕವಳನ್ನು ಹೆಂಡತಿ ತಾಯಿ ಎಂದು ಕರೆಯುವುದೇಕೆ ಎಂದು ನಾಗಪುರಕ್ಕೆ ಬಂದ ಹೊಸದರಲ್ಲಿ ಹಯವದನರು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದರು.) ತಾಈ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಊನ್ ಲಾಗ್ಲ ಜೀ ಯಾಲಾ!" ಬಿಸಿಲು ತಾಗಿದೆ, ಅಷ್ಟೆ. ನಾಗಪುರದಲ್ಲಿ ಬಿಸಿಲು ತಾಗಿದ್ದಕ್ಕೆ ಒಂದೇ ಮದ್ದು, ಈರುಳ್ಳಿ. ಅವರು ಒಂದು ದಪ್ಪ ಈರುಳ್ಳಿಯನ್ನು ಎರಡು ಹೋಳು ಮಾಡಿ ಬೆಕ್ಕಿನ ತಲೆದೆಸೆಯಲ್ಲಿಟ್ಟು ಹೋದರು. ಸಂತ್ರಾ ಒಮ್ಮೆ ಮೂಸಿ, ಇಂಥ ಮನೆಯಲ್ಲಿ ಕಾಯಿಲೆ ಬೀಳಬಾರದಿತ್ತು ಎನ್ನುವಂತೆ ಮುಖ ತಿರುಗಿಸಿತು.

ಮಂಗಳವಾರ ಅದು ಮುಖವನ್ನೂ ತಿರುಗಿಸಲಿಲ್ಲ. ನೀರು ಮುಟ್ಟಲಿಲ್ಲ. ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಯವದನರು ನೆಲದ ಮೇಲೆ ಮಲಗಿ, ಸೋಫಾದ ಕೆಳಗೆ ತಲೆ ತೂರಿಸಿ, "ಸಂತೂ, ಯಾಕ ಪುಟ್ಟಾ?" ಎಂದು ಮೆಲ್ಲಗೆ ಕರೆದರು. ಒಂದು ಕಿವಿ ಮಾತ್ರ ಅರ್ಧ ಅಲುಗಿತು. ಎದ್ದವರೇ ಔಷಧದ ಡಬ್ಬಿ ತೆಗೆದು, ತಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಅರ್ಧ ಮಾಡಿ, ಅರೆದು, ಹಾಲಿಗೆ ಬೆರೆಸಿದರು.

"ಅರೇ ಅಪ್ಪಾ, ಥಾಂಬಾ ನಾ!" ತಡೆಯಿರಿ ಎಂದು ಅರ್ಧ ಮರಾಠಿಯಲ್ಲಿ ಕೂಗುತ್ತ ಸಿಂಚನಾ ಕೋಣೆಯಿಂದ ಓಡಿ ಬಂದಳು. "ಡೋಸ್ ಎಷ್ಟು ಅಂತ ಕೇಳೋಣಲಾ. ಧರಮಪೇಠದಾಗ ನಮ್ಮ ಕನ್ನಡದ ಪ್ರಾಣಿಗಳ ಡಾಕ್ಟರ್ ಒಬ್ರು ಬಂದಾರ."

"ಅಷ್ಟ್ ಸಣ್ಣ ಬೆಕ್ಕಿಗೆ ಅರ್ಧ ಗುಳಿಗಿ. ಇದಕ್ಕೇನು ಕೇಳೋದು?" ಎನ್ನುತ್ತಲೇ ಅವರು ಬಟ್ಟಲನ್ನು ಸಂತ್ರಾನ ಬಾಯಿಯ ಹತ್ತಿರ ಹಿಡಿದರು. ಅದು ಮೂಗನ್ನು ಬೇರೆಡೆಗೆ ಒತ್ತಿಕೊಂಡಿತು. ಚಮಚದಿಂದ ಕುಡಿಸಬೇಕು ಎಂದು ಅವರು ಚಮಚ ಹುಡುಕುವಷ್ಟರಲ್ಲಿ ಸಿಂಚನಾ ಡಾಕ್ಟರಿಗೆ ಫೋನು ಹಚ್ಚಿ ಗುಳಿಗೆಯ ಹೆಸರು ಹೇಳಿದ್ದಳು; ಅವಳ ಮೊಬೈಲಿನ ಸ್ಪೀಕರಿನಿಂದ ಹೆಣ್ಣುಧ್ವನಿಯೊಂದು ಕಿರುಚಿತು.

"ಬೇಡ ಸರ್! ಕೊಡ್ಬೇಡಿ! ಬೆಕ್ಕಿಗೆ ಆ ಮಾತ್ರೆ ವಿಷ. ಅರ್ಧ ಸಾಕು, ಪ್ರಾಣ ಹೋಗತ್ತೆ. ಏನಾದ್ರೂ ಕುಡೀತಾ?"

"ಇಲ್ಲ," ಎಂದಳು ಸಿಂಚನಾ, ಬಟ್ಟಲನ್ನೇ ನೋಡುತ್ತ. "ಮೂಸಿಲ್ಲ ಸುದ್ದಾ."

"ಈಗ್ಲೇ ಕರ್ಕೊಂಡ್ ಬನ್ನಿ."

ಹಯವದನರು ಬಟ್ಟಲೆತ್ತಿಕೊಂಡು ಅಡುಗೆಮನೆಗೆ ನಡೆದರು. ಹಾಲನ್ನು ಮೋರಿಗೆ ಚೆಲ್ಲಿದರು. ಬಟ್ಟಲನ್ನು ತೊಳೆದರು. ಇನ್ನೊಮ್ಮೆ ತೊಳೆದರು. ಮೂರನೆಯ ಸಲ ತೊಳೆಯಹೊರಟಾಗ ಸುಲೋಚನಾಬಾಯಿ ಬಟ್ಟಲನ್ನು ಕಿತ್ತುಕೊಂಡು, "ಅಂಗಿ ಹಾಕ್ಕೋರಿ" ಎಂದಷ್ಟೇ ಹೇಳಿದರು. ಅವರು ಅದನ್ನು ಉಲ್ಟಾ ಹಾಕಿಕೊಂಡರು.

ಸಂತ್ರಾನನ್ನು ವಾಯುಪಡೆಯ ಹಳೆಯ ಕಿಟ್ ಬ್ಯಾಗಿನಲ್ಲಿ ಒದ್ದೆ ಟವೆಲ್ ಹಾಸಿ ಮಲಗಿಸಿದ್ದಾಯಿತು. ಆಟೋದಲ್ಲಿ ಬ್ಯಾಗು ಹಯವದನರ ತೊಡೆಯ ಮೇಲೆ. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿದ್ದಾಗ ಅವರಿಗೆ ನೆನಪಾಗಬಾರದ ಒಂದು ಸಂಗತಿ ನೆನಪಾಯಿತು. ಗುರುವಾರ. ನಸುಕು. ಟೆರೇಸು.

ಇದು ಯಾರಿಗೂ ಗೊತ್ತಿಲ್ಲದ ಸಂಗತಿ. ಕೂಲರಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಹಾಲ್‌ನಲ್ಲಿ ಒಬ್ಬರೇ ಮಲಗುವ ಹಯವದನರು ದಿನಾ ಬೆಳಗಿನ ಐದಕ್ಕೆ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬೆಕ್ಕನ್ನು ಬಗಲಲ್ಲಿ ಅವುಚಿಕೊಂಡು ಟೆರೇಸಿಗೆ ಹೋಗುತ್ತಿದ್ದರು. ಇಡೀ ದಿನದಲ್ಲಿ ತಂಪಿರುವುದು ಅದೊಂದೇ ಗಂಟೆ. ಸಂತ್ರಾ ಪಾರಿವಾಳ ನೋಡುತ್ತಿತ್ತು, ಇವರು ಸಂತ್ರಾನನ್ನು ನೋಡುತ್ತಿದ್ದರು. ಗುರುವಾರ ಪಕ್ಕದ ಕಟ್ಟಡದ ಟೆರೇಸಿನಿಂದ ಒಂದು ಕರಿಯ ಗಂಡುಬೆಕ್ಕು ಹಾರಿ ಬಂದು ಸಂತ್ರಾನ ಮೇಲೆ ಬಿದ್ದಿತ್ತು. ಹಯವದನರು ಚಪ್ಪಲಿ ಎಸೆದು ಬಿಡಿಸಿದ್ದರು. (ಚಪ್ಪಲಿ ನಾಲ್ಕು ಮಹಡಿ ಕೆಳಗೆ ಬಿತ್ತು. ಅದು ಬೇರೆಯೇ ಕಥೆ.) ಸಂತ್ರಾನನ್ನು ತಿರುವಿ ಮುರುವಿ ನೋಡಿದ್ದರು. ರಕ್ತವಿರಲಿಲ್ಲ. ರಕ್ತವಿಲ್ಲವೆಂದ ಮೇಲೆ ದೋಷವಿಲ್ಲ, ದೋಷವಿಲ್ಲವೆಂದ ಮೇಲೆ ವರದಿಯಿಲ್ಲ. ಈಗಲೂ ಅದಕ್ಕೂ ಇದಕ್ಕೂ ಸಂಬಂಧವಿರಲಾರದು ಎಂದು ಅವರು ತಮಗೆ ತಾವೇ ಮೂರು ಸಿಗ್ನಲ್ ದಾಟುವವರೆಗೂ ಹೇಳಿಕೊಂಡರು.

ಡಾಕ್ಟರ್ ನಮಿತಾ ಮೈಸೂರಿನವರು, ಸಿಂಚನಾಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಸಂತ್ರಾನನ್ನು ಮೇಜಿನ ಮೇಲೆ ಮಲಗಿಸಿ ಥರ್ಮಾಮೀಟರ್ ಇಟ್ಟರು.

"ನೂರಾ ಐದು. ಬೆಕ್ಕಿಗೆ ಸಾಮಾನ್ಯವಾಗಿ ನೂರಾ ಒಂದು, ಒಂದೂವರೆ ಇರತ್ತೆ."

"ಅದರ ಕ್ಯಾಲಿಬ್ರೇಷನ್ ಯಾವಾಗ ಮಾಡ್ಸೀರಿ?" ಎಂದು ಹಯವದನರು ಕೈ ಚಾಚಿದರು. ಥರ್ಮಾಮೀಟರ್ ಬೆಕ್ಕಿನ ಯಾವ ಭಾಗದಿಂದ ಹೊರಗೆ ಬಂತೆಂದು ಕಂಡ ಕೂಡಲೇ ಕೈ ಹಿಂದಕ್ಕೆ ಬಂತು.

ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿದರು. "ಜ್ವರಕ್ಕೆ ಕಾರಣ ಮೇಲ್ನೋಟಕ್ಕೆ ಕಾಣ್ತಿಲ್ಲ. ಬೆಕ್ಕು ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ನೀವು ಹೇಳ್ಬೇಕು. ಏನೂ ಮುಚ್ಚಿಡಬಾರ್ದು. ಹೊರಗಡೆ ಹೋಗುತ್ತಾ?"

"ಇಲ್ಲ," ಎಂದರು ಹಯವದನರು. "ಸ್ವತಃ ಜಾಳಿಗಿ ಬಡದೀನಿ."

"ಏನೇನು ತಿನ್ನತ್ತೆ?"

"ಪ್ಯಾಕೆಟಿನ ಆಹಾರ. ಮತ್ತ ಮೊಸರನ್ನ," ಎಂದರು ಸುಲೋಚನಾಬಾಯಿ. ಡಾಕ್ಟರು ಅವರನ್ನೇ ನೋಡುತ್ತಿದ್ದರು. ಸುಲೋಚನಾಬಾಯಿ ಸೆರಗು ತಿರುವಿದರು. "ಮತ್ತ... ಸ್ವಲ್ಪ ಹಾಲು. ಮುಂಜಾನಿ. ದೇವರ ನೈವೇದ್ಯದ್ದು."

"ಪ್ರಸಾದ ಅಲ್ಲೇನು, ನಡೀತದ," ಎಂದರು ಹಯವದನರು.

"ಪ್ರಸಾದ ಅಲ್ರಿ. ನೈವೇದ್ಯಕ್ಕಿಂತ ಮೊದಲ. ಅದಕ್ಕ ತಡ್ಕೊಳ್ಳಿಕ್ಕೆ ಆಗಂಗಿಲ್ಲ. ಅದು ಕುಡಿದ ಮ್ಯಾಲೆ ಉಳಿದದ್ದು ದೇವರಿಗೆ."

ಹಯವದನರು ಗೋಡೆ ಹಿಡಿದುಕೊಂಡರು. "ಸುಲೂ! ಆ ಹಾಲು ಆಮ್ಯಾಲೆ ನನಗಲ್ಲಾ ಕೊಡ್ತಿದ್ದಿ? ಎಷ್ಟ್ ದಿನದಿಂದ?"

"ಎರಡು ವರ್ಷ ಆತು."

"ಅಪ್ಪಾ, ಸಾರಿ, ನಂದೂ ಒಂದು ಅದ," ಎಂದಳು ಸಿಂಚನಾ, ಈಗಲೇ ಹೇಳಿದರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ ಎಂಬ ಲೆಕ್ಕಾಚಾರದಲ್ಲಿ. "ಗೆಳತಿ ಖುಷಿಯ ಟಿಫಿನ್‌ದಾಗಿಂದು ಚಿಕನ್ ಪೀಸ್. ರೋಜ್ ನಹೀ, ಶುಕ್ರವಾರ ಫಕ್ತ."

"ಕುಲಕರ್ಣಿ ಮನ್ಯಾಗ ಕೋಳಿ!" ಹಯವದನರು ಗೋಡೆ ಬಿಟ್ಟು ಮೇಜಿನ ಮುಂದೆ ನೆಟ್ಟಗೆ ನಿಂತರು. ಒಬ್ಬರನ್ನೊಬ್ಬರು ನಂಬಲಾಗದ ಸಂಸಾರ, ಶಿಸ್ತಿಲ್ಲದ ತುಕಡಿ, ನಿಮ್ಮ ಕಳ್ಳತನಕ್ಕೆ ಒಂದು ಮೂಕಪ್ರಾಣಿ ಬಲಿಯಾಗುವ ಹೊತ್ತು ಬಂತು ಎಂದು ಅವರು ಭಾಷಣ ಆರಂಭಿಸಿದರು. ಸುಲೋಚನಾಬಾಯಿಯ ಕಣ್ಣಲ್ಲಿ ನೀರು ಬಂತು. ಸಿಂಚನಾ ತಲೆ ತಗ್ಗಿಸಿದಳು.

"ಹಾಲಿಗೂ ಕೋಳಿಗೂ ಇಷ್ಟು ಜ್ವರ ಬರಲ್ಲ ಅಂಕಲ್," ಎಂದರು ಡಾಕ್ಟರು. ಮಾತಾಡುತ್ತಲೇ ಅವರ ಬೆರಳುಗಳು ಬೆನ್ನ ಕೂದಲನ್ನು ಬಿಡಿಸುತ್ತ ಬಾಲದ ಬುಡಕ್ಕೆ ಬಂದಿದ್ದವು. ಅಲ್ಲಿ ಒತ್ತಿದ ಕೂಡಲೇ ಎರಡು ದಿನದಿಂದ ದನಿ ತೆಗೆಯದಿದ್ದ ಸಂತ್ರಾ "ಮ್ಯಾಂವ್" ಎಂದು ಚೀರಿತು. "ಸಿಕ್ತು! ನೋಡಿ, ಕೂದಲ ಕೆಳಗೆ ಎರಡು ಸಣ್ಣ ತೂತು. ಇನ್ನೊಂದು ಬೆಕ್ಕಿನ ಹಲ್ಲು. ಮೇಲೆ ಮುಚ್ಚಿಕೊಂಡಿದೆ, ಒಳಗೆ ಕೀವು ತುಂಬಿದೆ. ನಾಲ್ಕೈದು ದಿನ ಆಗಿರ್ಬೇಕು." ಅವರು ತಲೆಯೆತ್ತಿದರು. "ಹೊರಗೇ ಹೋಗದ ಬೆಕ್ಕಿಗೆ ಇನ್ನೊಂದು ಬೆಕ್ಕು ಹೇಗೆ ಕಚ್ಚಿತು?"

ತಾಯಿ ಮಗಳು ಪರಸ್ಪರ ನೋಡಿಕೊಂಡರು. ಒಪ್ಪಿಕೊಳ್ಳಲು ಇಬ್ಬರ ಬಳಿಯೂ ಬೇರೆ ಪಾಪ ಉಳಿದಿರಲಿಲ್ಲ.

"ಗೊತ್ತಿದ್ರೆ ಹೇಳಿ. ಕಚ್ಚಿದ್ದು ಎಂಥಾ ಬೆಕ್ಕು, ಯಾವತ್ತು ಅಂತ ಗೊತ್ತಾದ್ರೆ ನಂಗೆ ಅನುಕೂಲ."

ಹಯವದನರು ಸಂತ್ರಾನನ್ನು ನೋಡಿದರು. ಅದು ಇವರನ್ನೇ ನೋಡುತ್ತಿತ್ತು. ಅದರ ಕಣ್ಣಿನಲ್ಲಿ ದೂರು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಅದೂ ಇರಲಿಲ್ಲ.

"ಕರೀದು," ಎಂದರು, ಬಹಳ ಸಣ್ಣ ದನಿಯಲ್ಲಿ. "ಗುರುವಾರ. ಐದೂವರಿಗೆ. ಟೆರೇಸಿನ ಮ್ಯಾಲೆ. ನಾನ ಒಯ್ದಿದ್ದೆ." ಬಾಯಿ ತೆರೆದ ಮೇಲೆ ಮುಚ್ಚಲಾಗಲಿಲ್ಲ. ದಿನಾ ಒಯ್ಯುವುದು, ಪಾರಿವಾಳ, ಚಪ್ಪಲಿ, ಎಲ್ಲವೂ ಹೊರಗೆ ಬಂತು. "ಅವತ್ತ ಹೇಳಿದ್ದರ ಇಷ್ಟ ಆಗ್ತಿದ್ದಿಲ್ಲ ಡಾಕ್ಟರ್. ಉಳೀತದಲ್ಲಾ?"

"ಉಳಿಯತ್ತೆ ಅಂಕಲ್. ಇವತ್ತು ಕರ್ಕೊಂಡು ಬಂದ್ರಲ್ಲ, ಅದೇ ದೊಡ್ಡದು." ಮೆಲುವಾಗಿಯೇ ಹೇಳಿದರು. ಹಯವದನರು ಕನ್ನಡಕ ತೆಗೆದು ಉಲ್ಟಾ ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಸುಲೋಚನಾಬಾಯಿ ಬಯ್ಯಲಿಲ್ಲ. ಹತ್ತಿರ ಬಂದು, ಕಾಲರನ್ನು ಸರಿ ಮಾಡಿದರು, ಅಷ್ಟೆ.

ಮಂಪರು ಕೊಟ್ಟು, ಕೂದಲು ಬೋಳಿಸಿ, ಕೀವು ತೆಗೆದರು. ಇಂಜೆಕ್ಷನ್ನು, ಗಾಯ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ ಆಲಿಕೆ, ಹತ್ತು ದಿನ ಎರಡು ಹೊತ್ತು ಔಷಧ. ಮುಂದೆ ಹೊರಗೆ ಒಯ್ಯುವುದಿದ್ದರೆ ಹಗ್ಗ ಕಟ್ಟಿಯೇ ಒಯ್ಯಬೇಕು ಎಂಬ ಆಜ್ಞೆ. ಸಂಜೆಯ ಹೊತ್ತಿಗೆ ಸಂತ್ರಾ ಮನೆಯಲ್ಲಿ ಎದ್ದು ಕೂತು, ಆಲಿಕೆಯ ಸಮೇತ ಬಟ್ಟಲಿಗೆ ಮುಖ ಹಾಕಿ, ಕಟಕಟ ತಿನ್ನತೊಡಗಿತು. ಮೂವರೂ ನೆಲದ ಮೇಲೆ ಕೂತು, ನಾಟಕ ನೋಡುವವರ ಹಾಗೆ ನೋಡಿದರು.

ಆಗ ಸುಲೋಚನಾಬಾಯಿ ಕೇಳಿದರು. "ದಿನಾ ಐದಕ್ಕ ಏಳ್ತಿದ್ರಿ?"

"ಹೂಂ."

"ಯಾವಾಗಿಂದ?"

"ಹೋಳಿ ಹುಣ್ಣಿವಿಯಿಂದ," ಎಂದರು ಹಯವದನರು, ಪ್ರಶಂಸೆ ಬರುತ್ತದೆಂಬ ಆಸೆಯಲ್ಲಿ.

"ಹಂಗಾರ ಆರೂವರಿಗೆ ನಾ ಕಾಫಿ ತಂದು ಎಬ್ಬಿಸಿದಾಗ ಆಕಳಸ್ಕೋತ ಏಳ್ತಿದ್ರೆಲ್ಲಾ, ಅದೇನು?"

ಟೆರೇಸಿನಿಂದ ಇಳಿದು, ಕಾಲು ತೊಳೆದು, ಮತ್ತೆ ಹೊದಿಕೆಯೊಳಗೆ ಸೇರಿ ಹಯವದನರು ತೆಗೆಯುತ್ತಿದ್ದ ಆಕಳಿಕೆ ನಿಜಕ್ಕೂ ಕಲಾಪೂರ್ಣವಾಗಿರುತ್ತಿತ್ತು.

"ಮೂವತ್ತ್ ವರ್ಷ ಆತು, ಒಂದ್ ದಿನಾನೂ ನನಗಿಂತ ಮೊದಲ ಎದ್ದು ಹಾಲು ಕಾಸಿಲ್ಲ. ಬೆಕ್ಕಿಗೆ ಏಳೋದು ಆಗ್ತದ. ಆತು, ಇದರ ಔಷಧ ಮುಗಿಯೋ ತನಕಾ ಕಾಫಿ ನೀವ ಮಾಡ್ರಿ."

ಮಾಡಿದರು. ನಸುಕಿನಲ್ಲಿ ಮೊದಲು ಬೆಕ್ಕಿಗೆ ಔಷಧ (ಅದರ ಗುರುತು ಮುಂಗೈ ಮೇಲೆ ಮೂರು ಗೆರೆ), ಆಮೇಲೆ ಹೆಂಡತಿಗೆ ಕಾಫಿ. ಹತ್ತು ದಿನ ಕಳೆದವು. ಆಲಿಕೆ ಬಿಚ್ಚಿದರು. ಹನ್ನೊಂದನೆಯ ದಿನ ಹಯವದನರು ಸ್ವತಂತ್ರ ಪ್ರಜೆಯಾಗಿ ಏಳು ಗಂಟೆವರೆಗೆ ಮಲಗುವುದೆಂದು ನಿಶ್ಚಯಿಸಿದರು. ಐದೂವರೆಗೆ ಫೋನು ಬಡಿದುಕೊಂಡಿತು. ಹೆಂಡತಿ. ಅದೂ ಮನೆಯೊಳಗಿಂದಲ್ಲ.

"ಟೆರೇಸಿನ ಮ್ಯಾಲಿದ್ದೀನ್ರಿ. ಸಂತ್ರಾನೂ ಅದ, ಹಗ್ಗ ಕಟ್ಟೀನಿ. ಏನ್ ತಂಪದ ಇಲ್ಲೆ! ಒಬ್ಬರ ಅನುಭವಿಸ್ತಿದ್ರೆಲ್ಲಾ ಇಷ್ಟ್ ದಿನ. ಎರಡು ಲೋಟ ಮಾಡ್ಕೊಂಡು ಬರ್ರಿ, ತಾಈನೂ ಬಂದಾರ."

ಹಯವದನರು ಎರಡೂ ಕೈಯಲ್ಲಿ ಬಿಸಿ ಲೋಟ ಹಿಡಿದು ಮೆಟ್ಟಿಲು ಹತ್ತಿದರು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ, ಸರಿಯಾಗಿ ಅವರ ಜಾಗದಲ್ಲಿ, ಸುಲೋಚನಾಬಾಯಿ ಕೂತಿದ್ದರು. ತೊಡೆಯ ಮೇಲೆ ಸಂತ್ರಾ. ಅದು ಹಯವದನರನ್ನು ಕಂಡದ್ದೇ ಔಷಧ ಬಂತೆಂದು ತಿಳಿದು ಸೆರಗಿನೊಳಗೆ ಮುಖ ಹುದುಗಿಸಿತು.

ಸುಲೋಚನಾಬಾಯಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಪರೀಕ್ಷಿಸಿದರು. "ಡಿಕಾಕ್ಷನ್ ತೆಳ್ಳಗಾಗೇದ. ನಾಳೆ ಇನ್ನೊಂದ್ ಚಮಚಾ ಪುಡಿ ಹಾಕ್ರಿ."

"ನಾಳೆ?" ಹಯವದನರು ಗಾಬರಿಯಾದರು. "ಹತ್ತು ದಿನದ ಕೋರ್ಸ್ ನಿನ್ನೆ ಮುಗೀತಲ್ಲಾ, ಸುಲೂ!"

ಸುಲೋಚನಾಬಾಯಿ ಬೆಕ್ಕಿನ ಬೆನ್ನು ಸವರುತ್ತ ಹೇಳಿದರು: "ಸಂತ್ರಾಂದು ಮುಗೀತ್ರಿ. ನಿಮ್ದಕ್ಕ ಡಾಕ್ಟರ್ ಏನೂ ಅವಧಿ ಹೇಳಿಲ್ಲ."